ಸಿಸ್ಟಮ್ ಜೊತೆಗೆ ಬಂದ ಪೈಥಾನ್ ಯಾರ ಬಳಕೆಗೆ?

ಆಪರೇಟಿಂಗ್ ಸಿಸ್ಟಮ್ ಜೊತೆಗೇ ಬರುವ ಪೈಥಾನ್‌ನಂಥ ಸಾಧನಗಳು ಹಲವು ಬಾರಿ ಹಳೆಯವಾಗಿರುತ್ತವೆ. ಉಬುಂಟು ಎಂಬ ಲಿನಕ್ಸ್ ಸಿಸ್ಟಮ್‌ನ 22.04 ಆವೃತ್ತಿ ಬಿಡುಗಡೆಯಾದದ್ದು 2022ರ ಏಪ್ರಿಲ್ 21ರಂದು. ಅದರ ಪ್ಯಾಕೇಜ್ ಭಂಡಾರದಲ್ಲಿದ್ದ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ಆವೃತ್ತಿ 12. ಆ 12ನೇ ಆವೃತ್ತಿಗೆ ನೋಡ್ ತಂಡ ಬೆಂಬಲ ನಿಲ್ಲಿಸಿದ್ದು ಅದೇ ಏಪ್ರಿಲ್ 30ರಂದು. ಐದು ವರ್ಷ ಬಾಳಬೇಕಾದ ಆಪರೇಟಿಂಗ್ ಸಿಸ್ಟಮ್ ಜನರ ಕೈಗೆ ಬಂದ ಒಂಬತ್ತೇ ದಿನಕ್ಕೆ ಅದರೊಳಗಿನ ನೋಡ್‌ನ ಆಯಸ್ಸು ಮುಗಿದಿತ್ತು. ಮ್ಯಾಕ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಶೆಲ್ ಆದ ‘/ಬಿನ್/ಬ್ಯಾಶ್’ನ ಆವೃತ್ತಿ ಕೇಳಿ ನೋಡಿ, 3.2.57 ಎಂದು ಬರುತ್ತದೆ. ಬ್ಯಾಶ್ 4.0 ಹೊರಬಂದದ್ದು 2009ರಲ್ಲಿ.

ಹೊಸದಾಗಿ ಪ್ರೋಗ್ರಾಮಿಂಗ್ ಶುರು ಮಾಡಿದವರಿಗೆ ಇದು ಸಿಸ್ಟಮ್ ಮಾಡಿದವರ ಅಸಡ್ಡೆಯಂತೆ ಕಾಣುತ್ತದೆ. ಹಾಗಾಗಿ ‘ಹಳೆಯದನ್ನು ತೆಗೆದು ಹೊಸದನ್ನು ಹಾಕಿಬಿಡೋಣ’ ಎಂದು ಕೈ ಹಾಕುತ್ತಾರೆ. ಲಿನಕ್ಸ್ ಮಷೀನುಗಳು ಕೆಡುವ ಅತಿ ಸಾಮಾನ್ಯ ದಾರಿಗಳಲ್ಲಿ ಇದೂ ಒಂದು. ಕೈ ಹಾಕುವ ಮುನ್ನ ಆ ಹಳೆಯ ಪೈಥಾನ್ ಅಲ್ಲಿ ಏಕಿದೆ, ಅದನ್ನು ಯಾರು ಬಳಸುತ್ತಿದ್ದಾರೆ ಎಂದು ತಿಳಿದುಕೊಳ್ಳಬೇಕು.

ರೆಡ್ ಹ್ಯಾಟ್ ಲಿನಕ್ಸ್‌ನಿಂದ ಕಟ್ಟಿದ ಸೆಂಟ್‌ಒಎಸ್ 6ರ ಕಾಲದ ಉದಾಹರಣೆ ತೆಗೆದುಕೊಳ್ಳೋಣ. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ‘ಯಮ್’ ಬರೆದಿದ್ದೇ ಪೈಥಾನ್‌ನಲ್ಲಿ. ಅದರ ಮೊದಲ ಸಾಲು ನೇರವಾಗಿ ‘/ಯುಎಸ್‌ಆರ್/ಬಿನ್/ಪೈಥಾನ್’ ಅನ್ನು ಕರೆಯುತ್ತಿತ್ತು. ಅಲ್ಲಿದ್ದದ್ದು 2.6. ಯಾರಾದರೂ 2.7 ಅಥವಾ 3 ಕಂಪೈಲ್ ಮಾಡಿ ಆ ಜಾಗದ ಕೊಂಡಿಯನ್ನು ಅತ್ತ ತಿರುಗಿಸಿದರೆ ಯಮ್ ಅಲ್ಲೇ ನಿಲ್ಲುತ್ತಿತ್ತು. ಆಗ ಪ್ಯಾಕೇಜ್ ಮರುಸ್ಥಾಪಿಸಿ ಸರಿಮಾಡೋಣ ಎಂದರೆ, ಮರುಸ್ಥಾಪಿಸಬೇಕಾದ ಯಮ್ಮೇ ಏಳುತ್ತಿರಲಿಲ್ಲ. ರೆಡ್ ಹ್ಯಾಟ್ ಇದರಿಂದ ಪಾಠ ಕಲಿತು, 2019ರ ಮೇ ತಿಂಗಳಲ್ಲಿ ಬಂದ ತನ್ನ ಲಿನಕ್ಸ್‌ನ ಎಂಟನೇ ಆವೃತ್ತಿಯಲ್ಲಿ ಸಿಸ್ಟಮ್ ಬಳಕೆಯ ಪೈಥಾನನ್ನು ‘/ಯುಎಸ್‌ಆರ್/ಲಿಬ್‌ಎಕ್ಸೆಕ್/ಪ್ಲಾಟ್‌ಫಾರ್ಮ್-ಪೈಥಾನ್’ ಎಂಬ ಮೂಲೆಗೆ ಸರಿಸಿತು. ಬರೀ ‘ಪೈಥಾನ್’ ಎಂದು ಟೈಪ್ ಮಾಡಿದರೆ ಏನೂ ಸಿಗದಂತೆ ಮಾಡಿತು. ಬಳಕೆದಾರರಿಗೆ ಬೇಕಾದ ಪೈಥಾನನ್ನು ಅವರೇ ಆರಿಸಿ ಹಾಕಿಕೊಳ್ಳಬೇಕು. ಈ ವಿಷಯದಲ್ಲಿ ಯಾವುದೇ ಡಿಸ್ಟ್ರೋ (ಲಿನಕ್ಸ್ ವಿತರಣೆ) ಕೈಗೊಂಡ ಅತ್ಯಂತ ಸ್ಪಷ್ಟ ಕ್ರಮ ಇದು.

ಆ್ಯಪಲ್‌ನ ಕಾರಣ ಬೇರೆ. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೇ ಆವೃತ್ತಿ ಪ್ರಕಟವಾದದ್ದು 2007ರ ಜೂನ್ 29ಕ್ಕೆ. ಅದರ ಷರತ್ತುಗಳನ್ನು ಒಪ್ಪದ ಆ್ಯಪಲ್, ಆ ಪರವಾನಗಿಗೆ ದಾಟಿದ ಗ್ನೂ ಸಾಧನಗಳ ಕೊನೆಯ ಹಳೆಯ ಆವೃತ್ತಿಯಲ್ಲೇ ನಿಂತುಬಿಟ್ಟಿತು. ಬ್ಯಾಶ್ 3.2, ಗ್ನೂ ಮೇಕ್ 3.81, ವರ್ಷಾನುಗಟ್ಟಲೆ ಉಳಿದ ಆರ್‌ಸಿಂಕ್ 2.6.9, ಎಲ್ಲದಕ್ಕೂ ಇದೇ ಹಿನ್ನೆಲೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಕೂಡ ಇದೇ ಕಾರಣಕ್ಕೆ ಜಿಸಿಸಿ ಕಂಪೈಲರ್‌ನ 4.2.1ರಲ್ಲಿ ನಿಂತು, ಕೊನೆಗೆ 2014ರ ಹತ್ತನೇ ಆವೃತ್ತಿಯಲ್ಲಿ ಕ್ಲ್ಯಾಂಗ್‌ಗೆ ಹೊರಳಿತು.

ಮುಂದೆ ಆ್ಯಪಲ್ ಇನ್ನೂ ದೂರ ಹೋಯಿತು. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದ ಬಿಡುಗಡೆ ಟಿಪ್ಪಣಿಯಲ್ಲೇ, ಪೈಥಾನ್, ರೂಬಿ, ಪರ್ಲ್‌ಗಳು ಹಳೆಯ ತಂತ್ರಾಂಶಗಳ ಸಲುವಾಗಿ ಮಾತ್ರ ಇವೆ, ಮುಂದಿನ ಆವೃತ್ತಿಗಳಲ್ಲಿ ಇರಲಿಕ್ಕಿಲ್ಲ ಎಂದು ಬರೆದಿತ್ತು. ಮಾಂಟೆರೆ, ಅಂದರೆ 12ನೇ ಆವೃತ್ತಿಯಲ್ಲಿ ಪಿಎಚ್‌ಪಿ ಹೋಯಿತು. 2022ರ ಮಾರ್ಚ್‌ನ 12.3ರಲ್ಲಿ ಪೈಥಾನ್ 2.7 ಹೋಯಿತು. ಈಗ ‘/ಯುಎಸ್‌ಆರ್/ಬಿನ್/ಪೈಥಾನ್3’ ಎಂಬ ಹೆಸರಿನಲ್ಲಿ ಇರುವುದು ನಿಜವಾದ ಪೈಥಾನ್ ಅಲ್ಲ, ಒಂದು ಸಣ್ಣ ಮಧ್ಯವರ್ತಿ. ‘ಕಮಾಂಡ್ ಲೈನ್ ಟೂಲ್ಸ್’ ಎಂಬ ಪ್ರತ್ಯೇಕ ಪ್ಯಾಕೇಜ್ ಇದ್ದರೆ ಅದರೊಳಗಿನ ಪೈಥಾನ್ 3.9.6ಕ್ಕೆ ಕರೆ ದಾಟಿಸುತ್ತದೆ, ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡಲೇ ಎಂದು ಕಿಟಕಿ ತೆರೆಯುತ್ತದೆ. ಗಿಟ್, ಮೇಕ್, ಕ್ಲ್ಯಾಂಗ್‌ಗಳ ಕಥೆಯೂ ಇದೇ. ರೂಬಿ ಮಾತ್ರ 2.6ರಲ್ಲೇ ಉಳಿದಿದೆ. ಆ ಸರಣಿಗೆ ರೂಬಿ ತಂಡದ ಬೆಂಬಲ 2022ರ ಏಪ್ರಿಲ್‌ನಲ್ಲೇ ಮುಗಿದಿದೆ.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಸಿಸ್ಟಮ್‌ನ ಪೈಥಾನ್ ಯಾವಾಗ ಬದಲಾಗಬೇಕು, ಬದಲಾಗಬಾರದು ಎಂಬುದನ್ನು ನಿರ್ಧರಿಸುವುದು ಸಿಸ್ಟಮ್ ಮಾಡಿದವರು, ಮತ್ತು ಅವರು ಯೋಚಿಸುವುದು ತಮ್ಮ ಸ್ಕ್ರಿಪ್ಟುಗಳ ಬಗ್ಗೆ. ಉಬುಂಟುವಿನ ಮೂಲವಾದ ಡೆಬಿಯನ್ ಲಿನಕ್ಸ್‌ನ ತಂಡಕ್ಕೆ ಬೇಕಿರುವುದು ಐದು ವರ್ಷ ಅಲುಗಾಡದ ಪೈಥಾನ್. ನಿಮ್ಮ ಪ್ರಾಜೆಕ್ಟಿಗೆ ಬೇಕಿರುವುದು ಅದರ ಲೈಬ್ರರಿಗಳು ಕೇಳುವ ಪೈಥಾನ್. ಈ ಎರಡು ಬೇಡಿಕೆಗಳನ್ನು ಒಂದೇ ಫೈಲಿನಿಂದ ತೀರಿಸಲು ಹೊರಟಾಗ ಹುಟ್ಟುವ ತೊಂದರೆಗಳಲ್ಲಿ ಎರಡನ್ನು ವಿವರವಾಗಿ ನೋಡಬೇಕು.

ಮೊದಲನೆಯದು ‘ಸುಡೋ ಪಿಪ್ ಇನ್‌ಸ್ಟಾಲ್’, ಅಂದರೆ ಪೈಥಾನ್ ಲೈಬ್ರರಿಗಳನ್ನು ತರುವ ಪಿಪ್ ಅನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು. ಡೆಬಿಯನ್, ಉಬುಂಟುಗಳಲ್ಲಿ ಸಿಸ್ಟಮ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಆ್ಯಪ್ಟ್ ಹಾಕಿದ ಪೈಥಾನ್ ಲೈಬ್ರರಿಗಳು ‘/ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್’ನಲ್ಲಿರುತ್ತವೆ. ಸುಡೋ ಪಿಪ್ ಹಾಕಿದ್ದು ‘/ಯುಎಸ್‌ಆರ್/ಲೋಕಲ್/ಲಿಬ್’ ಅಡಿಯ ಇನ್ನೊಂದು ಡಿಸ್ಟ್-ಪ್ಯಾಕೇಜಸ್‌ಗೆ ಹೋಗುತ್ತದೆ. ಒಂದರ ಮೇಲೊಂದು ಬೀಳುವುದಿಲ್ಲವಲ್ಲ, ತೊಂದರೆ ಏನು ಎನಿಸಬಹುದು. ಆದರೆ ಪೈಥಾನ್ ಹುಡುಕುವಾಗ ಲೋಕಲ್ ಮೊದಲು ಬರುತ್ತದೆ. ಹಾಗಾಗಿ ಸಿಸ್ಟಮ್‌ನ ಸ್ಕ್ರಿಪ್ಟ್ ಓಡುವಾಗಲೂ ನೀವು ಹಾಕಿದ ಹೊಸ ಲೈಬ್ರರಿಯೇ ಮುಂದೆ ನಿಲ್ಲುತ್ತದೆ.

ಉಬುಂಟು 20.04ರಲ್ಲಿ ಇದು ಸಾವಿರಾರು ಜನರನ್ನು ಕಾಡಿತು. ಆ್ಯಪ್ಟ್ ಹಾಕಿದ್ದ ಪೈಓಪನ್‌ಎಸ್‌ಎಸ್‌ಎಲ್ 19.0, ತನ್ನ ಕಾಲದ ಕ್ರಿಪ್ಟೋಗ್ರಫಿ 2.8 ಲೈಬ್ರರಿಯನ್ನು ನಂಬಿಕೊಂಡಿತ್ತು. ಯಾವುದೋ ಪ್ಯಾಕೇಜ್ ಹಾಕುವಾಗ ಪಿಪ್, ಅವಲಂಬನೆಯೆಂದು ಕ್ರಿಪ್ಟೋಗ್ರಫಿಯ ಹೊಸ ಆವೃತ್ತಿಯನ್ನು ಎಳೆದು ತಂದಿತು. ಹೊಸದರಲ್ಲಿ ಕೆಲವು ಹಳೆಯ ಹೆಸರುಗಳನ್ನು ಕಿತ್ತುಹಾಕಲಾಗಿತ್ತು. ಪರಿಣಾಮ: ‘ಎಕ್ಸ್509_ವಿ_ಫ್ಲ್ಯಾಗ್_ಸಿಬಿ_ಇಶ್ಯೂಯರ್_ಚೆಕ್’ ಇಲ್ಲ ಎಂಬ ಆ್ಯಟ್ರಿಬ್ಯೂಟ್ ಎರರ್. ಪಿಪ್ ಕೂಡ ಅದೇ ದಾರಿಯಲ್ಲಿ ಪೈಓಪನ್‌ಎಸ್‌ಎಸ್‌ಎಲ್ ಅನ್ನು ಕರೆಯುವುದರಿಂದ ಪಿಪ್ಪೇ ಏಳದು. ಹಾಕಿದ್ದನ್ನು ಪಿಪ್ ಮೂಲಕ ತೆಗೆಯಲೂ ಆಗದು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು, ‘/ಯುಎಸ್‌ಆರ್/ಲೋಕಲ್/ಲಿಬ್/ಪೈಥಾನ್3.8/ಡಿಸ್ಟ್-ಪ್ಯಾಕೇಜಸ್’ ಒಳಗಿನ ಕ್ರಿಪ್ಟೋಗ್ರಫಿ ಫೋಲ್ಡರನ್ನು, ಅದರ ಜೊತೆಗಿನ ‘ಡಿಸ್ಟ್-ಇನ್‌ಫೋ’ ಫೋಲ್ಡರನ್ನು ಕೈಯಾರೆ ತೆಗೆಯುವುದು. ಮುಂದೆ ನಿಂತಿದ್ದು ಹೋದ ಮೇಲೆ ಹಿಂದಿರುವ ಆ್ಯಪ್ಟ್‌ನ ಹಳೆಯ ಲೈಬ್ರರಿ ಮತ್ತೆ ಕಾಣಿಸುತ್ತದೆ. ಲೋಕಲ್ ಇಲ್ಲದ ‘/ಯುಎಸ್‌ಆರ್/ಲಿಬ್’ ಒಳಗಿನದಕ್ಕೆ ಮಾತ್ರ ಕೈ ಹಚ್ಚಬೇಡಿ, ಅದು ಆ್ಯಪ್ಟ್‌ನ ಲೆಕ್ಕದಲ್ಲಿದೆ.

ಎರಡನೆಯದು ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ಬಳಸಿ ಪೈಥಾನ್3 ಎಂಬ ಹೆಸರನ್ನೇ ಬೇರೆಡೆಗೆ ತಿರುಗಿಸುವುದು. ಉಬುಂಟು 22.04ರ ಪೈಥಾನ್ 3.10. ಅದನ್ನು 3.11ಕ್ಕೆ ತಿರುಗಿಸಿದರೆ, ‘ಆ್ಯಡ್-ಆ್ಯಪ್ಟ್-ರೆಪಾಸಿಟರಿ’ ಕೊಟ್ಟಾಗ ‘ಆ್ಯಪ್ಟ್_ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ’ ಎಂಬ ದೂರು ಬರುತ್ತದೆ. ಆ ಮಾಡ್ಯೂಲ್ ಸಿ++ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಫೈಲು. ಅದರ ಹೆಸರಿನಲ್ಲೇ ‘ಸಿಪೈಥಾನ್-310’ ಎಂಬ ಗುರುತಿದೆ, 3.11 ಅದರತ್ತ ನೋಡುವುದೂ ಇಲ್ಲ. ಗ್ನೋಮ್ ಟರ್ಮಿನಲ್ ತೆರೆಯುವ ಸ್ಕ್ರಿಪ್ಟ್ ಕೂಡ ಪೈಥಾನ್‌ನದ್ದೇ ಆದ್ದರಿಂದ ಟರ್ಮಿನಲ್ಲೇ ತೆರೆಯದೆ ಹೋಗಬಹುದು. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲಿಗೆ ಹೋಗಿ, ‘/ಯುಎಸ್‌ಆರ್/ಬಿನ್/ಪೈಥಾನ್3’ ಕೊಂಡಿಯನ್ನು ಮತ್ತೆ ‘ಪೈಥಾನ್3.10’ಕ್ಕೆ ಕಟ್ಟಬೇಕು. 3.11 ಬೇಕಿದ್ದರೆ ಅದನ್ನು ‘ಪೈಥಾನ್3.11’ ಎಂಬ ಪೂರ್ಣ ಹೆಸರಿನಿಂದ ಕರೆಯಿರಿ. ಮೂಲದಿಂದ ಕಂಪೈಲ್ ಮಾಡುವವರು ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಕೊಡಬೇಕಾದ್ದು ಈ ಕಾರಣಕ್ಕೇ: ಅದು ಪೂರ್ಣ ಹೆಸರಿನ ಫೈಲನ್ನಷ್ಟೇ ಹಾಕಿ, ‘ಪೈಥಾನ್3’ ಎಂಬ ಹೆಸರನ್ನು ಮುಟ್ಟದೆ ಬಿಡುತ್ತದೆ.

ಇದೆಲ್ಲ ನೋಡಿ ಪೈಥಾನ್ ಸಮುದಾಯ ಪೆಪ್ 668 ಎಂಬ ಒಪ್ಪಂದ ತಂದಿತು. ಡೆಬಿಯನ್ 12, ಉಬುಂಟು 23.04ರಿಂದ ಮುಂದೆ, ಸಿಸ್ಟಮ್ ಪೈಥಾನ್‌ನ ಲೈಬ್ರರಿ ಫೋಲ್ಡರಿನಲ್ಲಿ ‘ಎಕ್ಸ್‌ಟರ್ನಲಿ-ಮ್ಯಾನೇಜ್ಡ್’ ಎಂಬ ಒಂದು ಫೈಲಿರುತ್ತದೆ. ಪಿಪ್ ಅದನ್ನು ಕಂಡರೆ ಇನ್‌ಸ್ಟಾಲ್ ಮಾಡಲು ಒಪ್ಪುವುದಿಲ್ಲ. ಆ ನಿರಾಕರಣೆ ಕಿರಿಕಿರಿ ಎನಿಸಿದರೂ ಅದು ನಿಮ್ಮನ್ನು ಕಾಯುತ್ತಿದೆ. ಅದನ್ನು ದಾಟಲು ಇರುವ ಆಯ್ಕೆಯ ಹೆಸರೇ ‘ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’. ಬಿಸಾಡಬಹುದಾದ ಕಂಟೇನರಿನೊಳಗೆ ಹೊರತು ಬೇರೆಲ್ಲೂ ಅದನ್ನು ಬಳಸಬೇಡಿ.

ಹಾಗಾದರೆ ನಮ್ಮ ಪೈಥಾನನ್ನು ನಾವೇ ಹಾಕಿಕೊಳ್ಳೋಣ. ಸರಿ, ಆದರೆ ಇದಕ್ಕೂ ಬೆಲೆಯಿದೆ, ಮತ್ತು ಆ ಬೆಲೆಯ ಬಗ್ಗೆ ಟ್ಯುಟೋರಿಯಲ್‌ಗಳು ಸಾಮಾನ್ಯವಾಗಿ ಮಾತಾಡುವುದಿಲ್ಲ.

ಭದ್ರತೆಯ ತೇಪೆಗಳಿಂದ (ಪ್ಯಾಚ್) ಶುರು ಮಾಡೋಣ. 2014ರ ಏಪ್ರಿಲ್ 7ರಂದು, ಜಾಲದ ಸಂಪರ್ಕಗಳನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಅದನ್ನು ಸರಿಪಡಿಸಿದ ಆವೃತ್ತಿ 1.0.1ಜಿ. ಡೆಬಿಯನ್ 7ರಲ್ಲಿದ್ದದ್ದು 1.0.1ಇ. ಡೆಬಿಯನ್ ತಂಡ ತೇಪೆಯನ್ನಷ್ಟೇ ಹಿಂದಕ್ಕೆ ತಂದು ಹಳೆಯ ಆವೃತ್ತಿಗೆ ಹೊಲಿಯಿತು, ಸಂಖ್ಯೆ 1.0.1ಇ ಆಗಿಯೇ ಉಳಿಯಿತು, ಬಾಲದ ‘ಡೆಬ್7ಯು5’ ಮಾತ್ರ ಹೊಸದು. ಆ್ಯಪ್ಟ್ ಮೂಲಕ ಬಂದದ್ದನ್ನು ಬಳಸುತ್ತಿದ್ದವರಿಗೆ ಒಂದು ಅಪ್‌ಗ್ರೇಡ್ ಮತ್ತು ಸೇವೆಗಳ ಮರುಆರಂಭ ಸಾಕಾಯಿತು. ‘/ಯುಎಸ್‌ಆರ್/ಲೋಕಲ್’ನಲ್ಲಿ ತಾವೇ ಓಪನ್‌ಎಸ್‌ಎಸ್‌ಎಲ್ ಕಂಪೈಲ್ ಮಾಡಿಟ್ಟಿದ್ದವರಿಗೆ ಆ್ಯಪ್ಟ್ ಅಪ್‌ಗ್ರೇಡ್‌ನಿಂದ ಏನೂ ಸಿಗಲಿಲ್ಲ. ಅದನ್ನೂ, ಅದಕ್ಕೆ ಜೋಡಿಸಿ ಕಟ್ಟಿದ ಪ್ರತಿಯೊಂದು ತಂತ್ರಾಂಶವನ್ನೂ ಅವರೇ ಹುಡುಕಿ ಮತ್ತೆ ಕಟ್ಟಬೇಕಾಯಿತು.

ಇಂದಿನ ಯುವಿಯಂಥ ಸಾಧನಗಳು ತರುವ ಸಿದ್ಧ ಪೈಥಾನ್‌ಗಳು ತಮ್ಮದೇ ಓಪನ್‌ಎಸ್‌ಎಸ್‌ಎಲ್ ಅನ್ನು ಒಳಗಿಟ್ಟುಕೊಂಡಿರುತ್ತವೆ. ಪೈಥಾನ್ ಡಾಟ್ ಆರ್ಗ್‌ನ ಮ್ಯಾಕ್ ಇನ್‌ಸ್ಟಾಲರ್ ಕೂಡ ಹಾಗೆಯೇ. ಸಿಸ್ಟಮ್ ಅಪ್‌ಡೇಟ್ ಅವುಗಳನ್ನು ಮುಟ್ಟುವುದಿಲ್ಲ, ಹೊಸ ಪ್ಯಾಚ್ ಆವೃತ್ತಿ ಬಂದಾಗ ನೀವೇ ಇಳಿಸಿಕೊಳ್ಳಬೇಕು. ಪೈಥಾನ್ ಡಾಟ್ ಆರ್ಗ್‌ನದ್ದನ್ನು ಹಾಕಿದ ತಕ್ಷಣ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದು ಬಂದರೆ ಗಾಬರಿ ಬೇಡ. ಅದರ ಓಪನ್‌ಎಸ್‌ಎಸ್‌ಎಲ್‌ಗೆ ಮ್ಯಾಕ್ ನಂಬುವ ಪ್ರಮಾಣಪತ್ರಗಳಿರುವ ಕೀಚೈನ್ ಗೊತ್ತಿಲ್ಲ. ಅಪ್ಲಿಕೇಷನ್ಸ್ ಒಳಗಿನ ಪೈಥಾನ್ ಫೋಲ್ಡರಿನಲ್ಲಿರುವ ‘ಇನ್‌ಸ್ಟಾಲ್ ಸರ್ಟಿಫಿಕೇಟ್ಸ್’ ಅನ್ನು ಒಮ್ಮೆ ಓಡಿಸಿದರೆ ಸರಿಹೋಗುತ್ತದೆ.

ಹಲವು ಪೈಥಾನ್ ಆವೃತ್ತಿಗಳನ್ನು ಹಾಕಿಕೊಡುವ ಪೈಎನ್ವ್ ಬಳಸುವವರಿಗೆ ಇನ್ನೊಂದು ತೊಡಕು. ಅದು ಮೂಲದಿಂದ ಕಂಪೈಲ್ ಮಾಡುತ್ತದೆ, ಅದಕ್ಕೆ ಹೆಡರ್ ಫೈಲುಗಳು ಬೇಕು. ಉಬುಂಟುವಿನಲ್ಲಿ ಕನಿಷ್ಠ ‘ಲಿಬ್‌ಎಸ್‌ಎಸ್‌ಎಲ್-ಡೆವ್’, ‘ಝಡ್‌ಲಿಬ್1ಜಿ-ಡೆವ್’, ‘ಲಿಬ್‌ಎಫ್‌ಎಫ್‌ಐ-ಡೆವ್’, ‘ಲಿಬ್‌ಬಿಝಡ್2-ಡೆವ್’, ‘ಲಿಬ್‌ಎಸ್‌ಕ್ಯೂಲೈಟ್3-ಡೆವ್’, ‘ಲಿಬ್‌ರೀಡ್‌ಲೈನ್-ಡೆವ್’, ‘ಲಿಬ್‌ಎಲ್‌ಝಡ್‌ಎಂಎ-ಡೆವ್’ ಮೊದಲೇ ಇರಲಿ. ಎಸ್‌ಎಸ್‌ಎಲ್‌ನದ್ದು ಇಲ್ಲದಿದ್ದರೆ ಪೈಎನ್ವ್ ನಿಂತು ಹೇಳುತ್ತದೆ. ಎಫ್‌ಎಫ್‌ಐ ಅಥವಾ ಎಸ್‌ಕ್ಯೂಲೈಟ್‌ನದ್ದು ಇಲ್ಲದಿದ್ದರೆ ಕಂಪೈಲ್ ಮುಗಿದೇ ಹೋಗುತ್ತದೆ. ಕೆಲವು ವಾರಗಳ ನಂತರ ಯಾವುದೋ ಲೈಬ್ರರಿ ‘_ಸಿಟೈಪ್ಸ್ ಇಲ್ಲ’ ಎಂದಾಗಲೇ ಹಲವರ ಗಮನಕ್ಕೆ ಬರುವುದು. ಹೆಡರ್ ಹಾಕಿದರಷ್ಟೇ ಸಾಲದು, ಆ ಪೈಥಾನನ್ನು ಮತ್ತೆ ಕಂಪೈಲ್ ಮಾಡಬೇಕು.

ಮ್ಯಾಕ್‌ನಲ್ಲಿ ಜನ ಬಳಸುವ ಪ್ಯಾಕೇಜ್ ಮ್ಯಾನೇಜರ್ ಹೋಮ್‌ಬ್ರೂ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಹರಡಿದೆ. ಅಲ್ಲಿಂದ ಬಂದ ಪೈಥಾನ್ ‘ನಮ್ಮದು’ ಎಂದು ಜನ ತಿಳಿಯುತ್ತಾರೆ. ಅದು ಹೋಮ್‌ಬ್ರೂನಲ್ಲಿರುವ ಇತರ ಪ್ಯಾಕೇಜುಗಳ ಸಲುವಾಗಿ ಇರುವುದು. ಬೇರೇನನ್ನೋ ಹಾಕಲು ‘ಬ್ರೂ ಇನ್‌ಸ್ಟಾಲ್’ ಕೊಟ್ಟಾಗಲೂ ಅದು ಮೇಲೇರಬಹುದು, ಬರೀ ‘ಪೈಥಾನ್3’ ಎಂಬ ಹೆಸರು ಒಂದು ದಿನ 3.12ರಿಂದ 3.13ಕ್ಕೆ ಸರಿಯಬಹುದು. ಡೇಟಾಬೇಸಿನಲ್ಲಿ ಇದು ಇನ್ನೂ ನೋಯಿಸುತ್ತದೆ. ಪೋಸ್ಟ್‌ಗ್ರೆಸ್ 13 ಬರೆದ ಡೇಟಾ ಫೋಲ್ಡರನ್ನು 14 ಓದುವುದಿಲ್ಲ, ಸರ್ವರ್ ಏಳುವುದೇ ಇಲ್ಲ. ಡೇಟಾ ಎಲ್ಲಿಗೂ ಹೋಗಿರುವುದಿಲ್ಲ, ‘ಪಿಜಿ_ಅಪ್‌ಗ್ರೇಡ್’ ಅಥವಾ ಹಳೆಯ ಆವೃತ್ತಿಯಿಂದ ಡಂಪ್ ತೆಗೆದು ಮುಂದಕ್ಕೆ ಸಾಗಿಸಬೇಕು. ಆದ್ದರಿಂದ ಆವೃತ್ತಿ ಸಂಖ್ಯೆ ಅಂಟಿರುವ ‘ಪೋಸ್ಟ್‌ಗ್ರೆಸ್ಕ್ಯೂಎಲ್@14’ ಥರದ ಹೆಸರನ್ನೇ ಮೊದಲಿನಿಂದ ಬಳಸಿ.

ಹೊಸದೆಂದರೆ ಸುರಕ್ಷಿತ ಎಂದೂ ಅಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್, ಎಕ್ಸ್‌ಝಡ್ ಸಂಕುಚನ ಸಾಧನದ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದಾರೆ ಎಂದು ಬಹಿರಂಗಪಡಿಸಿದರು. ಡೆಬಿಯನ್ 12ರಲ್ಲಿದ್ದದ್ದು 5.4.1, ಉಬುಂಟು 22.04ರಲ್ಲಿ 5.2.5. ಎರಡಕ್ಕೂ ಏನೂ ಆಗಲಿಲ್ಲ. ಹೊಸದನ್ನು ಬೇಗ ತಂದುಕೊಳ್ಳುವ ಡೆಬಿಯನ್ ಅನ್‌ಸ್ಟೇಬಲ್, ಫೆಡೋರಾ ರಾಹೈಡ್‌ಗಳಿಗೆ ಅದು ಬಂದು ಸೇರಿತ್ತು. ಹೋಮ್‌ಬ್ರೂಗೂ ಬಂದಿತ್ತು. ಆ ದಾಳಿಯ ಗುರಿ ಲಿನಕ್ಸ್ ಆಗಿದ್ದರೂ ಹೋಮ್‌ಬ್ರೂ 5.4.6ಕ್ಕೆ ಹಿಂದೆ ಸರಿಯಿತು.

ಹೀಗಿರುವಾಗ ಯಾವುದನ್ನು ಸಿಸ್ಟಮ್‌ಗೆ ಬಿಡಬೇಕು, ಯಾವುದನ್ನು ಕೈಗೆ ತೆಗೆದುಕೊಳ್ಳಬೇಕು? ನಿಮ್ಮ ಕೋಡ್ ಆ ಸಾಧನದ ಆವೃತ್ತಿಯನ್ನು ಅವಲಂಬಿಸಿದೆಯೇ ಎಂದು ಕೇಳಿಕೊಳ್ಳಿ. ಭಾಷೆಯ ರನ್‌ಟೈಮ್, ಅದರ ಕಂಪೈಲರ್, ಪ್ಯಾಕೇಜ್ ಮ್ಯಾನೇಜರ್, ಫಾರ್ಮ್ಯಾಟರ್: ಇವುಗಳ ಆವೃತ್ತಿ ಬದಲಾದರೆ ನಿಮ್ಮ ಫಲಿತಾಂಶವೇ ಬದಲಾಗುತ್ತದೆ. ಇವನ್ನು ನೀವೇ ಹಾಕಿಕೊಳ್ಳಿ ಮತ್ತು ಆವೃತ್ತಿಯನ್ನು ಪ್ರಾಜೆಕ್ಟಿನೊಳಗೇ ಬರೆದಿಡಿ. ಪೈಥಾನ್‌ಗೆ ‘.ಪೈಥಾನ್-ವರ್ಷನ್’ ಫೈಲು, ರಸ್ಟ್‌ಗೆ ‘ರಸ್ಟ್-ಟೂಲ್‌ಚೈನ್.ಟಾಮ್ಲ್’, ಗೋಗೆ 1.21ರಿಂದ ‘ಗೋ.ಮಾಡ್’ನಲ್ಲೇ ಬರುವ ಟೂಲ್‌ಚೈನ್ ಸಾಲು. ಎಸ್‌ಎಸ್‌ಎಚ್, ಟಾರ್, ಕರ್ಲ್, ಗಿಟ್, ಓಪನ್‌ಎಸ್‌ಎಸ್‌ಎಲ್‌ಗಳನ್ನು ಸಿಸ್ಟಮ್‌ಗೇ ಬಿಡಿ. ಅವುಗಳಿಗೆ ಬೇಕಿರುವುದು ಸಮಯಕ್ಕೆ ಸರಿಯಾದ ತೇಪೆ, ಆ ಕೆಲಸವನ್ನು ಡಿಸ್ಟ್ರೋದ ಭದ್ರತಾ ತಂಡ ನಿಮಗಿಂತ ಬೇಗ ಮಾಡುತ್ತದೆ. ಒಂದು ಎಚ್ಚರ: ಉಬುಂಟುವಿನ ಐದು ವರ್ಷದ ಸಾಮಾನ್ಯ ಭರವಸೆ ‘ಮೇನ್’ ವಿಭಾಗಕ್ಕೆ ಮಾತ್ರ. ‘ಆ್ಯಪ್ಟ್-ಕ್ಯಾಶ್ ಪಾಲಿಸಿ ನೋಡ್‌ಜೆಎಸ್’ ಕೊಟ್ಟರೆ ಅದು ‘ಯೂನಿವರ್ಸ್’ನಿಂದ ಬಂದದ್ದೆಂದು ಕಾಣುತ್ತದೆ, ಅದರ ತೇಪೆಗಳು ಉಬುಂಟು ಪ್ರೊ ಮೂಲಕ ಬರುತ್ತವೆ.

ಈ ನಿಯಮಕ್ಕೂ ಅಪವಾದಗಳಿವೆ. ಮ್ಯಾಕ್‌ನ ಕರ್ಲ್‌ಗೆ ನಿಮ್ಮದೇ ಪ್ರಮಾಣಪತ್ರ ಕೊಟ್ಟು ‘ಇದನ್ನು ಮಾತ್ರ ನಂಬು’ ಎಂದರೂ ಅದು ಸಿಸ್ಟಮ್‌ನ ನಂಬಿಕೆಯ ಪಟ್ಟಿಯನ್ನೂ ನೋಡುತ್ತದೆ. ಮೂಲ ಕರ್ಲ್ ಹಾಗೆ ಮಾಡುವುದಿಲ್ಲ. ಟಿಎಲ್‌ಎಸ್ (ಸುರಕ್ಷಿತ ಸಂಪರ್ಕ) ಪರೀಕ್ಷೆ ಮಾಡುವವರು ಅಲ್ಲಿ ಹೋಮ್‌ಬ್ರೂನ ಕರ್ಲ್ ಬಳಸಲೇಬೇಕು.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಆವೃತ್ತಿಯ ಆಯ್ಕೆ ನೇರವಾಗಿ ತಟ್ಟುತ್ತದೆ. ಹಳಗನ್ನಡದ ಪಠ್ಯಗಳಿಗೆ ಬೇಕಾದ ನಕಾರ ಪೊಲ್ಲು, ಯುನಿಕೋಡ್ ಸಂಕೇತ 0ಸಿಡಿಡಿ, ಸೇರಿದ್ದು 2021ರ ಯುನಿಕೋಡ್ 14ರಲ್ಲಿ. ಮ್ಯಾಕ್‌ನ 3.9.6, ಉಬುಂಟು 22.04ರ 3.10 ಎರಡೂ ಯುನಿಕೋಡ್ 13ರ ಕೋಷ್ಟಕವನ್ನು ಹೊತ್ತಿವೆ. ಅಲ್ಲಿ ‘ಯುನಿಕೋಡ್‌ಡೇಟಾ.ನೇಮ್’ ಈ ಅಕ್ಷರಕ್ಕೆ ‘ಅಂಥ ಹೆಸರಿಲ್ಲ’ ಎನ್ನುತ್ತದೆ, ವರ್ಗ ಕೇಳಿದರೆ ‘ಸಿಎನ್’, ಅಂದರೆ ಯಾರಿಗೂ ಹಂಚದ ಸ್ಥಾನ ಎನ್ನುತ್ತದೆ. ಪೈಥಾನ್ 3.11ರಲ್ಲಿ ಇದು ಅಕ್ಷರವೇ. 2022ರ ಯುನಿಕೋಡ್ 15ರಲ್ಲಿ ಬಂದ ಇನ್ನೊಂದು ಕನ್ನಡ ಚಿಹ್ನೆ, 0ಸಿಎಫ್3, ಗೊತ್ತಾಗಲು 3.12 ಬೇಕು. ‘ಸಿಎನ್’ ಇದ್ದದ್ದನ್ನೆಲ್ಲ ಕಸವೆಂದು ಗುಡಿಸುವ ಒಂದು ಸಾಲು ಕೋಡ್ ಹಳೆಯ ಪೈಥಾನ್‌ನಲ್ಲಿ ಓಡಿದರೆ ಈ ಅಕ್ಷರಗಳು ಎರರ್ ಇಲ್ಲದೆ ಮಾಯವಾಗುತ್ತವೆ. ‘ಯುನಿಕೋಡ್‌ಡೇಟಾ.ಯುನಿಡೇಟಾ_ವರ್ಷನ್’ ಅನ್ನು ಪ್ರೋಗ್ರಾಮಿನ ಆರಂಭದಲ್ಲೇ ಪರಿಶೀಲಿಸುವುದು ಒಳ್ಳೆಯದು.

ಸಿಸ್ಟಮ್‌ನ ಪೈಥಾನ್, ನಿಮ್ಮ ಪೈಥಾನ್ ಎರಡೂ ಒಟ್ಟಿಗಿರುವಾಗ ಯಾವುದು ಓಡುತ್ತದೆ ಎಂಬುದನ್ನು ತೀರ್ಮಾನಿಸುವುದು ಪಾತ್, ಅಂದರೆ ಶೆಲ್ ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ. ಮೊದಲು ಸಿಕ್ಕಿದ್ದೇ ಓಡುತ್ತದೆ. ‘ಟೈಪ್ -ಎ ಪೈಥಾನ್3’ ಕೊಟ್ಟರೆ ಎಲ್ಲವೂ ಕ್ರಮವಾಗಿ ಕಾಣುತ್ತವೆ. ಈಗಷ್ಟೇ ಹಾಕಿದ್ದು ಸಿಗದಿದ್ದರೆ ಶೆಲ್ ಹಳೆಯ ವಿಳಾಸ ನೆನಪಿಟ್ಟುಕೊಂಡಿರಬಹುದು, ‘ಹ್ಯಾಶ್ -ಆರ್’ ಕೊಡಿ. ಮ್ಯಾಕ್‌ನಲ್ಲಿ ‘.ಝಡ್‌ಎಸ್‌ಎಚ್‌ಎನ್ವ್’ನಲ್ಲಿ ಬರೆದ ಪಾತ್ ಹಿಂದೆ ಸರಿಯುವುದಕ್ಕೆ ಕಾರಣ, ಆಮೇಲೆ ಓಡುವ ‘ಪಾತ್_ಹೆಲ್ಪರ್’ ಸಿಸ್ಟಮ್ ಫೋಲ್ಡರುಗಳನ್ನು ಮುಂದಕ್ಕೆ ತರುತ್ತದೆ. ಹಾಗಾಗಿ ‘.ಝಡ್‌ಪ್ರೊಫೈಲ್’ನಲ್ಲಿ ಬರೆಯಿರಿ. ಟರ್ಮಿನಲ್‌ನಲ್ಲಿ ಓಡಿ, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್‌ನಲ್ಲಿ ಓಡದ ಸ್ಕ್ರಿಪ್ಟಿನ ಮೂಲವೂ ಇಲ್ಲೇ: ಕ್ರಾನ್‌ಗೆ ಗೊತ್ತಿರುವ ಪಾತ್ ‘/ಯುಎಸ್‌ಆರ್/ಬಿನ್’ ಮತ್ತು ‘/ಬಿನ್’ ಮಾತ್ರ. ಸುಡೋಗೂ ತನ್ನದೇ ಪಟ್ಟಿಯಿದೆ. ಇಂಥ ಕಡೆ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿನದ್ದೇ ಪೈಥಾನ್, ಲೈಬ್ರರಿಗಳಿರುವ ಫೋಲ್ಡರ್) ಒಳಗಿನ ಪೈಥಾನ್‌ನ ಪೂರ್ಣ ವಿಳಾಸ ಕೊಡುವುದೇ ಸರಿಯಾದ ದಾರಿ, ‘ಆ್ಯಕ್ಟಿವೇಟ್’ ಬೇಕಾಗುವುದಿಲ್ಲ. ವಿಂಡೋಸ್‌ನಲ್ಲಿ ‘ಪೈಥಾನ್’ ಎಂದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದರೆ, ಸೆಟ್ಟಿಂಗ್ಸ್‌ನ ‘ಆ್ಯಪ್ ಎಕ್ಸಿಕ್ಯೂಶನ್ ಏಲಿಯಾಸಸ್’ನಲ್ಲಿ ಪೈಥಾನ್ ಹೆಸರಿನ ಎರಡು ಸ್ವಿಚ್‌ಗಳನ್ನು ಆಫ್ ಮಾಡಿ. ಹಳೆಯ ಪವರ್‌ಶೆಲ್ 5.1ರಲ್ಲಿ ‘ಕರ್ಲ್’ ಎಂದರೆ ಬೇರೆಯೇ ಆಜ್ಞೆ, ‘ಕರ್ಲ್.ಎಕ್ಸ್‌ಇ’ ಎಂದು ಬರೆಯಬೇಕು.

ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡುವ ಮುನ್ನ, ಸಿಸ್ಟಮ್ ಪೈಥಾನ್ ಮೇಲೆ ಕಟ್ಟಿದ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳನ್ನು ಪಟ್ಟಿ ಮಾಡಿಕೊಳ್ಳಿ. ಅವುಗಳ ‘ಪೈವೆನ್ವ್.ಸಿಎಫ್‌ಜಿ’ಯಲ್ಲಿ ‘ಹೋಮ್’ ಸಾಲು ‘/ಯುಎಸ್‌ಆರ್/ಬಿನ್’ ಎಂದಿರುತ್ತದೆ. 22.04ರಿಂದ 24.04ಕ್ಕೆ ಹೋದಾಗ ಕೊಂಡಿಯ ಆಚೆ ತುದಿಯಲ್ಲಿ 3.12 ಕೂತಿರುತ್ತದೆ, ಲೈಬ್ರರಿಗಳು ‘ಪೈಥಾನ್3.10’ ಫೋಲ್ಡರಿನಲ್ಲೇ ಉಳಿದಿರುತ್ತವೆ, ಎಲ್ಲಕ್ಕೂ ‘ಮಾಡ್ಯೂಲ್ ಇಲ್ಲ’ ಎಂದು ಬರುತ್ತದೆ. ಅವನ್ನು ರಿಪೇರಿ ಮಾಡಲು ಹೋಗಬೇಡಿ. ಮೊದಲೇ ‘ಪಿಪ್ ಫ್ರೀಝ್’ ಮಾಡಿ ಪಟ್ಟಿ ತೆಗೆದಿಟ್ಟು, ಫೋಲ್ಡರ್ ಅಳಿಸಿ, ಹೊಸದಾಗಿ ಕಟ್ಟಿ. ಆಗ ‘ಎನ್‌ಶೂರ್‌ಪಿಪ್ ಇಲ್ಲ’ ಎಂದು ಬಂದರೆ ‘ಪೈಥಾನ್3-ವೆನ್ವ್’ ಎಂಬ ಪ್ರತ್ಯೇಕ ಆ್ಯಪ್ಟ್ ಪ್ಯಾಕೇಜ್ ಹಾಕಬೇಕು. ಮ್ಯಾಕ್ ಅಪ್‌ಗ್ರೇಡ್ ಆದ ಬೆಳಿಗ್ಗೆ ಗಿಟ್ ಕೂಡ ‘ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್’ ಎಂದು ನಿಂತರೆ, ಕಮಾಂಡ್ ಲೈನ್ ಟೂಲ್ಸ್ ತನ್ನ ಜಾಗದಲ್ಲಿ ಇಲ್ಲವೆಂದರ್ಥ. ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಕೊಟ್ಟು ಮತ್ತೆ ಹಾಕಿದರೆ ಗಿಟ್ ಓಡುತ್ತದೆ.